ದೀಪ ದೊಡ್ಡದು ಮಾಡುವವಳು

ದೀಪ ಆರಿಸು ಎಂದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡದು ಮಾಡು ಎನ್ನುತ್ತಾರೆ. ಮಾತನ್ನು ಎಷ್ಟು ನಯ ಮಾಡಿದರೂ ಕೆಲಸ ಅದೇ, ಬೆಳಕು ಹೋಗಿ ಕತ್ತಲೆ ಬರುವುದು. ತೆರಕಣಾಂಬಿಯಿಂದ ಒಂದು ಕೂಗಳತೆ ಆಚೆಗಿರುವ ಹುಲ್ಲುಬೀದಿಯಲ್ಲಿ ಆ ಕೆಲಸವನ್ನು ಹತ್ತು ಹನ್ನೆರಡು ವರ್ಷ ಮಾಡಿದವಳು ಮಲ್ಲಿಗಮ್ಮ. ಬೀದಿಯವರಿಗೆ ಅವಳು ಬೇಕೇ ಬೇಕಾಗಿತ್ತು. ಮದುವೆ ಮನೆಯ ಚಪ್ಪರದ ಕೆಳಗೆ ಮಾತ್ರ ಬೇಡವಾಗಿದ್ದಳು.

ಹುಲ್ಲುಬೀದಿ ಎಂಬುದು ಯಾವ ಕಾಗದದಲ್ಲೂ ಇರುವ ಹೆಸರಲ್ಲ, ತೆರಕಣಾಂಬಿಯ ಅಂಗಡಿಯವರು ಇಟ್ಟದ್ದು. ಎದುರುಬದುರು ಎರಡು ಸಾಲು ಮಣ್ಣಿನ ಗೋಡೆಯ ಮನೆಗಳು, ಎಲ್ಲದರ ಮೇಲೂ ಹುಲ್ಲು. ಸೂರಿಗೆ ಸೂರು ತಾಗಿಕೊಂಡು, ಒಂದು ಮನೆಯ ಬೆಕ್ಕು ನೆಲ ಮುಟ್ಟದೆ ಬೀದಿಯ ಕೊನೆಯವರೆಗೂ ಹೋಗಿಬರುತ್ತಿತ್ತು. ಬೆಕ್ಕು ಹೋಗುವ ದಾರಿಯಲ್ಲಿ ಬೆಂಕಿಯೂ ಹೋಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಈ ಬೀದಿಯವರಿಗೆ ಇದ್ದ ಭೂಮಿ ಅಂಗೈಯಗಲ. ರಾಗಿ, ಹುರುಳಿ ಒಕ್ಕಣೆ ಮುಗಿದರೆ ಊರಲ್ಲಿ ಮಾಡಲು ಏನೂ ಇರುವುದಿಲ್ಲ. ಅದೇ ಹೊತ್ತಿಗೆ ಗುಂಡ್ಲುಪೇಟೆ ದಾಟಿ, ಕಾಡು ದಾಟಿ, ಕೇರಳದ ಬತ್ತೇರಿ ಕಡೆಯ ಎಸ್ಟೇಟುಗಳಲ್ಲಿ ಕಾಫಿ ಹಣ್ಣಾಗಿರುತ್ತದೆ. ಕಾಫಿ ಕುಯ್ದು, ಮೆಣಸು ಬಿಡಿಸಿ, ಯುಗಾದಿಯ ಎಣ್ಣೆನೀರಿಗೆ ಊರು ಸೇರುವುದು ಅಪ್ಪಂದಿರ ಕಾಲದಿಂದ ನಡೆದುಬಂದದ್ದು. ಗಂಡಸರು, ಹೆಂಗಸರು, ಕೈಗೂಸು, ಮುದುಕರು ಎಲ್ಲರೂ ಜೀಪು ಹತ್ತುತ್ತಾರೆ. ಆ ಎರಡು ಮೂರು ತಿಂಗಳು ಬೀದಿಯಲ್ಲಿ ನಾಯಿ ಬೊಗಳಿದರೆ ಗದರಿಸಲೂ ಜನವಿರುವುದಿಲ್ಲ.

ಹೊರಡುವ ದಿನಕ್ಕೊಂದು ಶಾಸ್ತ್ರವಿತ್ತು. ಗೋಡೆಯ ಗೂಡಿನಲ್ಲಿ ಹಣತೆ ಇಟ್ಟು, ಅಂಚು ಮುಟ್ಟುವಷ್ಟು ಹರಳೆಣ್ಣೆ ಹುಯ್ದು, ದೀಪ ಹಚ್ಚಿ, ಅದು ಉರಿಯುತ್ತಿರುವಂತೆಯೇ ಬಾಗಿಲೆಳೆದುಕೊಂಡು ಹೋಗಬೇಕು. ದೀಪ ಹಚ್ಚಿಟ್ಟು ಹೋದವರು ತಿರುಗಿ ಬರುತ್ತಾರೆ. ಹಚ್ಚದೆ ಹೋದರೆ ಆ ಮನೆಯ ಋಣ ತೀರಿತು ಎಂದೇ ಅರ್ಥ. ಎಣ್ಣೆ ಕಡಿಮೆ ಹುಯ್ದರೆ ಮನೆಗೇ ಕಡಿಮೆ ಮಾಡಿದಂತೆ. ಹಚ್ಚಿದ ಮನೆಯವರೇ ಆರಿಸುವುದಂತೂ ಕೂಡದು, ತಮ್ಮ ಮನೆಯನ್ನು ತಾವೇ ಆರಿಸಿದ ಹಾಗೆ. ಇದನ್ನೆಲ್ಲ ಯಾರು ಮಾಡಿಟ್ಟರೋ, ಅವರ ಮನೆಯ ಮೇಲೆ ಹೆಂಚಿದ್ದಿರಬೇಕು.

ಇಲಿಗೆ ಶಾಸ್ತ್ರ ಗೊತ್ತಿಲ್ಲ, ಎಣ್ಣೆಯ ರುಚಿ ಗೊತ್ತು. ಎಂಬತ್ತರ ದಶಕದ ಒಂದು ಜನವರಿಯಲ್ಲಿ ಬೀದಿಯವರೆಲ್ಲ ಬತ್ತೇರಿಗೆ ಹೊರಟುಹೋದ ರಾತ್ರಿಯೇ ಹುಲ್ಲುಬೀದಿಗೆ ಬೆಂಕಿ ಬಿತ್ತು. ತೆರಕಣಾಂಬಿಯವರು ಕೊಡ ಹಿಡಿದು ಓಡಿಬರುವಷ್ಟರಲ್ಲಿ ಒಂದು ಸಾಲು ಪೂರ್ತಿ, ಇನ್ನೊಂದು ಸಾಲು ಅರ್ಧ ಬೂದಿಯಾಗಿತ್ತು. ಉಳಿದ ಮನೆಗಳ ಗೂಡು ನೋಡಿದರೆ ಎಷ್ಟೋ ಹಣತೆಗಳಲ್ಲಿ ಬತ್ತಿಯೇ ಇರಲಿಲ್ಲ. ಯಾವುದೋ ಒಂದು ಮನೆಯ ಇಲಿ, ಉರಿಯುವ ಬತ್ತಿಯನ್ನೇ ಎಳೆದುಕೊಂಡು ಸೂರು ಹತ್ತಿತ್ತು. ಯಾರ ಮನೆಯದೆಂದು ಇವತ್ತಿಗೂ ಗೊತ್ತಿಲ್ಲ, ಗೊತ್ತಾಗದಿದ್ದದ್ದೇ ಒಳ್ಳೆಯದಾಯಿತು.

ಸುದ್ದಿ ಕೇಳಿ ಜೀಪಿನಲ್ಲಿ ಬಂದವರು ಬೂದಿ ನೋಡಿದರು, ಅತ್ತರು, ಎದೆ ಬಡಿದುಕೊಂಡರು. ಆಮೇಲೆ ಅರ್ಧಕ್ಕರ್ಧ ಜನ ಇಳಿಸಿದ ಗಂಟು ಬಿಚ್ಚದೆಯೇ ಮತ್ತೆ ಜೀಪಿಗೇರಿಸಿದರು. ಅಲ್ಲಿ ಎಸ್ಟೇಟಿನವರು ಕೂಲಿಗಳಿಗೆ ಕೊಡುವ ಲೈನ್ ಮನೆಯಾದರೂ ಇದೆ, ಇಲ್ಲಿ ಏನಿದೆ ಎಂದರು. ಒಂದು ವರ್ಷ ದುಡಿದು ಮನೆ ಕಟ್ಟಲು ಬರುತ್ತೇವೆ ಎಂದರು. ಬರಲಿಲ್ಲ. ಬೆಂಕಿ ಮನೆ ಸುಟ್ಟದ್ದು ಒಂದು ದಿನ, ಬೀದಿಯನ್ನು ಬರಿದು ಮಾಡಿದ್ದು ಆಮೇಲೆ ನಿಧಾನವಾಗಿ.

ಹಾಗೆ ಹೋದವರಲ್ಲಿ ಮಲ್ಲಿಗಮ್ಮನ ಗಂಡ ಮಾದೇವನೂ ಒಬ್ಬ. ಜೀಪು ಹತ್ತು ಎಂದು ಅವನು ಕರೆದ. ಅವಳು ಬೂದಿಯಲ್ಲಿ ಉಳಿದಿದ್ದ ಒರಳುಕಲ್ಲಿನ ಮೇಲೆ ಕೂತುಬಿಟ್ಟಳು, ಮಗಳು ಚಾಮುಂಡಿಯನ್ನು ಮಡಿಲಲ್ಲಿ ಹಾಕಿಕೊಂಡು. ಹಟವೋ, ಹೆದರಿಕೆಯೋ, ಎಲ್ಲರೂ ಹೋದರೆ ಇದು ಊರಾಗಿ ಉಳಿಯುವುದಿಲ್ಲ ಎಂಬ ಸಂಕಟವೋ, ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಮಾದೇವ ಹೋದ. ಮೊದಲು ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಜೀಪಿನವರ ಕೈಲಿ ಅಕ್ಕಿ ಕಳಿಸುತ್ತಿದ್ದ, ಆಮೇಲೆ ಅದೂ ನಿಂತಿತು. ಅಲ್ಲಿ ನೀಲಾವತಿ ಎಂಬವಳ ಜೊತೆ ಸಂಸಾರ ಮಾಡಿದ್ದಾನೆ ಎಂಬುದು ಬೀದಿಗೆಲ್ಲ ಗೊತ್ತಾಗಿ, ಕಡೆಗೆ ಅವಳಿಗೂ ಗೊತ್ತಾಯಿತು.

ಉಳಿದವರು ಮತ್ತೆ ಹುಲ್ಲು ಹೊದಿಸಿಕೊಂಡರು. ಮರುವರ್ಷ ಕಾಫಿ ಕುಯ್ಲಿಗೆ ಹೊರಡುವ ಹೊತ್ತಿಗೆ ದೀಪದ ಮಾತು ಬಂತು. ಹಚ್ಚದೆ ಹೋಗಲು ಒಬ್ಬರಿಗೂ ಧೈರ್ಯವಿಲ್ಲ, ಹಚ್ಚಿಟ್ಟು ಹೋಗಲೂ ಇಲ್ಲ. ಬೀದಿಯ ಯಜಮಾನ ಗುರುಸಿದ್ದಯ್ಯ ತಲೆ ಕೆರೆದುಕೊಂಡು ತೀರ್ಮಾನ ಹೇಳಿದ. ಮನೆಯವರು ಹಚ್ಚಿ ಹೋಗಲಿ, ಊರಲ್ಲೇ ಉಳಿಯುವವರು ಯಾರಾದರೂ ಆಮೇಲೆ ಹೋಗಿ ದೊಡ್ಡದು ಮಾಡಲಿ. ಉಳಿಯುವವರು ಯಾರು ಎಂದು ಎಲ್ಲರೂ ಸುತ್ತ ನೋಡಿದರು. ಉಳಿಯುವವಳು ಒಬ್ಬಳೇ ಇದ್ದಳು.

ಮಲ್ಲಿಗಮ್ಮ ಬಾಯಲ್ಲಿ ಊದುತ್ತಿರಲಿಲ್ಲ. ಹಿತ್ತಲಿನ ಚೆಂಡುಹೂವಿನ ಒಂದು ಕಡ್ಡಿ ಮುರಿದುಕೊಂಡು, ಜೀಪು ತಿರುವು ದಾಟಿ ಸದ್ದು ಅಡಗಿದ ಮೇಲೆ ಒಂದೊಂದೇ ಮನೆಯ ಬಾಗಿಲು ತೆಗೆದು ಒಳಗೆ ಹೋಗುತ್ತಿದ್ದಳು. ಕಡ್ಡಿಯಿಂದ ಬತ್ತಿಯನ್ನು ಎಣ್ಣೆಯೊಳಕ್ಕೆ ಮೆಲ್ಲಗೆ ಒತ್ತಿ, ಹೋದವರು ಬರಲಿ ಎಂದು ಹೇಳಿ, ಹಣತೆಯ ಮೇಲೆ ಓಡಿನ ಚೂರು ಮುಚ್ಚಿ ಬರುತ್ತಿದ್ದಳು. ಬೇರೆಯವರ ಮನೆ, ಬೇರೆಯವರ ವಾಸನೆ, ಗಳುವಿನ ಮೇಲೆ ಬಿಟ್ಟುಹೋದ ಮಕ್ಕಳ ಅಂಗಿ. ಕಡೆಯ ಮನೆಯಿಂದ ಹೊರಬಂದಾಗ ಬೀದಿ ಹೇಗಿರುತ್ತಿತ್ತೆಂದು ಅವಳನ್ನು ಯಾರೂ ಯಾವತ್ತೂ ಕೇಳಲಿಲ್ಲ. ಅವಳು ಹೇಳಿಕೊಳ್ಳುವ ಪೈಕಿಯೂ ಅಲ್ಲ.

ಆಮೇಲಿನ ವರ್ಷಗಳಲ್ಲಿ ಬೆಂಕಿ ಬೀಳಲಿಲ್ಲ. ಹೋದವರು ಬಂದಾಗ ಮನೆಗಳು ಇದ್ದ ಹಾಗೆಯೇ ಇರುತ್ತಿದ್ದವು. ಅದಕ್ಕೆ ಅವಳಿಗೆ ಸಿಕ್ಕ ಬಹುಮಾನವೆಂದರೆ, ದೀಪ ಆರಿಸುವ ಕೈ ಎಂಬ ಹೆಸರು. ಮುಸ್ಸಂಜೆ ಹೊತ್ತು ಅವಳು ಬಾಗಿಲಿಗೆ ಬಂದರೆ ಹೆಂಗಸರು ನಾಳೆ ಬಾ ಎನ್ನುತ್ತಿದ್ದರು. ಮದುವೆಯ ಅರಿಶಿನಕ್ಕೆ, ಮಗುವಿನ ತೊಟ್ಟಿಲಿಗೆ ಅವಳ ಕೈ ಸೋಕಬಾರದು. ಬೀದಿಯ ಎಣ್ಣೆಯೆಲ್ಲ ಮಲ್ಲಿಗಮ್ಮನ ತಲೆಗೇ ಎಂದು ನಗುವವರೂ ಇದ್ದರು, ಓಡಿನ ಕೆಳಗೆ ತಮ್ಮ ಎಣ್ಣೆ ಹಾಗೇ ಇದ್ದದ್ದನ್ನು ಕಂಡ ಮೇಲೂ. ಹತ್ತಿದ ಮೇಲೆ ಏಣಿ ಒದೆಯುವುದು ಎಲ್ಲ ಕಡೆಯೂ ಉಂಟು. ಹುಲ್ಲುಬೀದಿಯವರು ಏಣಿಯ ಮೇಲೆ ನಿಂತುಕೊಂಡೇ ಒದೆಯುತ್ತಿದ್ದರು.

ಚಾಮುಂಡಿ ದೊಡ್ಡವಳಾದಾಗ ಗಂಡು ಹುಡುಕಿದವನು ಮಾದೇವನೇ. ಬತ್ತೇರಿ ಹತ್ತಿರದ ಎಸ್ಟೇಟಿನಲ್ಲಿ ಕೆಲಸ ಮಾಡುವ ಹುಡುಗ, ಒಳ್ಳೆಯವನು. ಮಲ್ಲಿಗಮ್ಮ ಬೇಡವೆನ್ನಲಿಲ್ಲ. ಮದುವೆಯಲ್ಲಿ ಧಾರೆಯ ಹೊತ್ತಿಗೆ ಅವಳು ಅಡುಗೆ ಒಲೆಯ ಹತ್ತಿರ ಇದ್ದಳು. ಯಾರೂ ಹೋಗೆಂದಿರಲಿಲ್ಲ, ಬಾ ಎಂದೂ ಇರಲಿಲ್ಲ.

ತೊಂಬತ್ತಾರರ ಮಳೆಗಾಲದಲ್ಲಿ ಚಾಮುಂಡಿ ಬಸುರಿಯೆಂದು ತಿಳಿಯಿತು. ಚೊಚ್ಚಲು ಹೆರಿಗೆ ತವರಿನಲ್ಲಾಗಬೇಕು. ಮಲ್ಲಿಗಮ್ಮ ಗೋಡೆಗೆ ಕೆಮ್ಮಣ್ಣು ಬಳಿದಳು, ಬಾಣಂತಿಗೆಂದು ಬೆಳ್ಳುಳ್ಳಿ ಕಟ್ಟು ಕಟ್ಟಿ ತೂಗುಹಾಕಿದಳು, ಹಳೆಯ ಸೀರೆಗಳನ್ನು ಒಗೆದು ಮಗುವಿನ ಬಟ್ಟೆಗೆ ಹರಿದಿಟ್ಟಳು. ಈ ಸಲ ಬೀದಿ ಖಾಲಿಯಾದಾಗ ತನ್ನ ಮನೆಯಲ್ಲಿ ಒಂದು ಮಗು ಅಳುತ್ತಿರುತ್ತದೆ ಎಂಬ ಯೋಚನೆ ಬಂದಾಗಲೆಲ್ಲ ಅವಳಿಗೆ ಒಬ್ಬಳೇ ಇದ್ದರೂ ನಗು ಬರುತ್ತಿತ್ತು. ಅಷ್ಟು ಸಂತೋಷವನ್ನು ಅವಳು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಆಗಿದ್ದೇ ಬೇರೆ. ಜನವರಿಯ ಒಂದು ಬೆಳಿಗ್ಗೆ ಅವಳು ತೆರಕಣಾಂಬಿಗೆ ಸೀಮೆಎಣ್ಣೆಗೆ ಹೋಗಿದ್ದಳು. ಬೀದಿಯವರಲ್ಲಿ ಬಹುಪಾಲು ಮಂದಿ ಹಿಂದಿನ ದಿನಗಳಲ್ಲೇ ಹೊರಟಿದ್ದರು. ಕೊನೆಗೆ ಉಳಿದಿದ್ದ ಪುಟ್ಟಮಾದು, ಅವನ ಹೆಂಡತಿ ಸುಂದ್ರಮ್ಮ ಆ ದಿನ ಬಸ್ಸಿಗೆ ಹೋಗುತ್ತೇವೆ ಎಂದಿದ್ದರು. ಬೀದಿಯಲ್ಲಿ ಮಲ್ಲಿಗಮ್ಮನನ್ನು ಅಕ್ಕ ಎಂದು ಕರೆದು, ಮುಸ್ಸಂಜೆಯಲ್ಲೂ ಒಳಗೆ ಕೂರಿಸಿ ಮಜ್ಜಿಗೆ ಕೊಡುತ್ತಿದ್ದ ಮನೆ ಅದೊಂದೇ. ಅವಳು ಹಿಂದಕ್ಕೆ ಬಂದಾಗ ಅವರ ಬಾಗಿಲು ಎಳೆದಿತ್ತು. ಡಬ್ಬ ಇಟ್ಟು ಬಂದು ಅವರ ದೀಪ ದೊಡ್ಡದು ಮಾಡೋಣ ಎಂದು ತನ್ನ ಮನೆಯ ಕಡೆ ತಿರುಗುವಾಗಲೇ ಜೀಪಿನ ಹಾರನ್ನು ಕೇಳಿಸಿತು.

ಜಾಕಿರ್ ಗುಂಡ್ಲುಪೇಟೆಯವನು. ಬೀದಿಯವರನ್ನು ಬತ್ತೇರಿಗೆ ಸಾಗಿಸುವುದು ಅವನ ಜೀಪೇ. ಆವತ್ತು ಹಂಗಳದ ಕಡೆಯ ಕೂಲಿಯವರನ್ನು ತುಂಬಿಕೊಳ್ಳುವ ಮುಂಚೆ, ಇವಳೊಬ್ಬಳಿಗಾಗಿ ಇಷ್ಟು ದೂರ ಬಂದಿದ್ದ. ಇಳಿಯುವ ಮುಂಚೆಯೇ ವಿಷಯ ಹೇಳಿದ. ಚಾಮುಂಡಿಗೆ ರಕ್ತ ಕಾಣಿಸಿಕೊಂಡಿತ್ತು. ಗಾಡಿಯಲ್ಲಿ ಕುಲುಕಾಡಕೂಡದು, ಹೆರಿಗೆ ಇಲ್ಲೇ ಆಗಲಿ ಎಂದು ಬತ್ತೇರಿಯ ಡಾಕ್ಟರು ಹೇಳಿದ್ದರು. ಇವತ್ತೋ ನಾಳೆಯೋ ಆಗಬಹುದು.

"ಅವ್ವ ಬಂದೇ ಬರ್ಬೇಕು ಅಂದವ್ಳೆ," ಎಂದ ಜಾಕಿರ್. ಬೇರೆ ಕಡೆ ನೋಡುತ್ತ ಉಳಿದದ್ದನ್ನೂ ಹೇಳಿದ. "ನೀ ಬರ್ದಿದ್ರೆ ನಿಮ್ ಯಜಮಾನ್ರ ಮನೆಯವ್ಳು ಬಾಣಂತನ ಮಾಡ್ತೀನಿ ಅಂತ ನಿಂತವ್ಳೆ. ಚಾಮುಂಡಿ ಬ್ಯಾಡ ಅಂದವ್ಳೆ. ಬಂದ್ಮೇಲೆ ಇಲ್ಲೇ ಇದ್ದುಬುಡು, ಆ ಖಾಲಿ ಬೀದಿಗೆ ಯಾಕ್ ಓಗ್ಬೇಕು ಅಂತಾನೂ ಏಳು ಅಂದ್ಳು."

ಗಂಡನನ್ನು ಬಿಟ್ಟುಕೊಟ್ಟದ್ದಾಯಿತು, ಮಗಳ ಚೊಚ್ಚಲನ್ನೂ ಆ ನೀಲಾವತಿ ಎತ್ತಿಕೊಳ್ಳಬೇಕೇ ಎಂದು ಮಲ್ಲಿಗಮ್ಮನಿಗೆ ಹೊಟ್ಟೆ ಉರಿಯಿತು. ಅದರ ಜೊತೆಗೇ, ಇದ್ದುಬಿಡು ಎಂಬ ಮಾತು ಕಿವಿಯಲ್ಲಿ ನಿಂತಿತು. ಇಷ್ಟು ವರ್ಷದಲ್ಲಿ ಅವಳಿಗೆ ಆ ಮಾತು ಹೇಳಿದವರು ಇರಲಿಲ್ಲ.

ಗಂಟು ಕಟ್ಟಿದಳು. ಬೆಳ್ಳುಳ್ಳಿ, ಹರಿದಿಟ್ಟ ಬಟ್ಟೆ, ಸೀರೆ. ಕೊನೆಗೆ ತವರಿನಿಂದ ಬಂದ, ಬೆಂಕಿಯಲ್ಲೂ ಕರಗದೆ ಉಳಿದ ಹಿತ್ತಾಳೆ ಚೆಂಬನ್ನೂ ಒಳಗೆ ತುರುಕಿದಳು. ಬಾಣಂತನಕ್ಕೆ ಹೋಗುವವಳಿಗೆ ಆ ಚೆಂಬು ಯಾಕೆಂದು ಕೇಳುವವರು ಯಾರೂ ಇರಲಿಲ್ಲ. ಗೂಡಿನ ಮುಂದೆ ಒಂದು ಗಳಿಗೆ ನಿಂತಳು. ದೀಪ ಹಚ್ಚಬೇಕು, ಆದರೆ ದೊಡ್ಡದು ಮಾಡಲು ಯಾರಿದ್ದಾರೆ? ಹಚ್ಚದೆಯೇ ಬಾಗಿಲೆಳೆದುಕೊಂಡಳು. ಅದಕ್ಕೇ ಹಚ್ಚಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಜೀಪು ಹತ್ತಿದಳು.

ಹಂಗಳದಲ್ಲಿ ಜನ ತುಂಬಿದರು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ತಲೆಯ ಮೇಲೆ ಮೋಡ ಕೂತಿತ್ತು. ಮಲ್ಲಿಗಮ್ಮ ಕೈಮುಗಿದು, ನಾನು ಹೋಗುವವರೆಗೆ ತಡೆ ಎಂದು ಮಗುವಿಗೋ ದೇವರಿಗೋ ಬೇಡಿಕೊಂಡಳು. ಬತ್ತೇರಿ ರಸ್ತೆಗೆ ಹೊರಳಿ ಕಾಡು ಶುರುವಾದ ಮೇಲೆ ಒಂದು ಕಡೆ ಜೀಪು ನಿಧಾನವಾಯಿತು. ಅರಣ್ಯ ಇಲಾಖೆಯ ಕೂಲಿಯವರು ರಸ್ತೆಯ ಎರಡೂ ಬದಿ ಒಣಹುಲ್ಲಿಗೆ ತಾವೇ ಬೆಂಕಿ ಇಟ್ಟು, ಸೊಪ್ಪು ಹಿಡಿದು ಕಾಯುತ್ತ ನಿಂತಿದ್ದರು. ಬೇಸಿಗೆಯ ಕಾಳ್ಗಿಚ್ಚು ರಸ್ತೆ ದಾಟದಿರಲಿ ಎಂದು ಮೊದಲೇ ಪಟ್ಟಿಯಗಲ ಸುಟ್ಟಿಡುವುದು ಪ್ರತಿ ವರ್ಷದ ಕೆಲಸ.

ಹುಲ್ಲು ಸುಡುವ ವಾಸನೆ ಮೂಗಿಗೆ ಬಿತ್ತು. ಅವಳಿಗೆ ಆ ವಾಸನೆ ಚೆನ್ನಾಗಿ ಗೊತ್ತು. ಪುಟ್ಟಮಾದುವಿನ ಮನೆ ನೆನಪಾಯಿತು. ಬಾಗಿಲು ಎಳೆದಿತ್ತು. ತಾನು ಒಳಗೆ ಹೋಗಿರಲಿಲ್ಲ. ಗಡಿಬಿಡಿಯಲ್ಲಿ ಸೀಮೆಎಣ್ಣೆ ಡಬ್ಬವನ್ನು ಬೇರೆ ತನ್ನ ಮನೆಯ ಮೂಲೆಯಲ್ಲಿ ಇಟ್ಟು ಬಂದಿದ್ದಳು, ಅವರ ಮನೆಯಿಂದ ಎರಡೇ ಮನೆ ಆಚೆಗೆ.

ನಿಲ್ಲಿಸು ಎಂದಳು. ಜಾಕಿರ್ ನಿಲ್ಲಿಸಲಿಲ್ಲ. ಆನೆ ಇರುವ ಜಾಗ, ಚೆಕ್‌ಪೋಸ್ಟ್ ಬರಲಿ ಎಂದ. ಕಾರಣ ಕೇಳಿದ ಮೇಲೆ, ಒಂದು ದೀಪಕ್ಕಾಗಿ ಹೆತ್ತ ಮಗಳನ್ನು ಬಿಡುತ್ತಾರೆಯೇ ಎಂದು ಹಿಂದಿನ ಸೀಟಿನ ಹೆಂಗಸೊಬ್ಬಳು ಬೈದಳು. ಎಣ್ಣೆ ತೀರಿ ತಾನೇ ಆರಿಹೋಗಿರುತ್ತದೆ ಎಂದು ಇನ್ನೊಬ್ಬ ಸಮಾಧಾನ ಹೇಳಿದ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರು ಬೂದಿಯ ಮೇಲೆ ಕೂತವರಲ್ಲ, ಅಷ್ಟೆ. ಇನ್ನೊಂದು ಸಲ ಬೆಂಕಿ ಬಿದ್ದರೆ ಹೋದ ಒಬ್ಬರೂ ತಿರುಗಿ ಬರುವುದಿಲ್ಲ ಎಂಬುದು ಮಲ್ಲಿಗಮ್ಮನಿಗೆ ತನ್ನ ಹೆಸರಿನಷ್ಟು ಖಂಡಿತವಾಗಿ ಗೊತ್ತಿತ್ತು.

ಚೆಕ್‌ಪೋಸ್ಟಿನಲ್ಲಿ ಇಳಿದಳು. ಬೆಳ್ಳುಳ್ಳಿಯ ಕಟ್ಟು, ಮಗುವಿನ ಬಟ್ಟೆಯನ್ನು ಜಾಕಿರ್‌ನ ಕೈಗಿಟ್ಟಳು. "ನಾಳಿಕ್ ಬತ್ತಳೆ ಅನ್ನಪ್ಪ," ಎಂದಳು. ಜೀಪು ಹೋದ ಮೇಲೆ ಎದುರಿನಿಂದ ಮೈಸೂರಿನ ಬಸ್ಸು ಬರುವವರೆಗೂ ಚೆಕ್‌ಪೋಸ್ಟಿನ ಕಂಬಿ ಹಿಡಿದು ನಿಂತು ಅತ್ತಳು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ತೆರಕಣಾಂಬಿಯಲ್ಲಿ ಇಳಿದು, ಓಡುನಡಿಗೆಯಲ್ಲಿ ಬೀದಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಹೊಗೆ ಇಲ್ಲ. ಎರಡೂ ಸಾಲು ನಿಂತ ಹಾಗೆಯೇ ನಿಂತಿದ್ದವು. ಹಾದಿಯಲ್ಲೇ ಬೇಲಿಯಿಂದ ಒಂದು ಕಡ್ಡಿ ಮುರಿದುಕೊಂಡು ಪುಟ್ಟಮಾದುವಿನ ಬಾಗಿಲು ನೂಕಿದಳು.

ಒಳಗೆ ಕತ್ತಲು. ಗೂಡಿನಲ್ಲಿ ಕೈಯಾಡಿಸಿದಳು. ಹಣತೆ ಇರಲಿಲ್ಲ. ಆರಿದ ದೀಪವಲ್ಲ, ಇಲಿ ಎಳೆದ ಬತ್ತಿಯಲ್ಲ, ಹಣತೆಯೇ ಇಲ್ಲ. ಗೂಡನ್ನು ಸಾರಿಸಿ ಗುಡಿಸಿದ್ದರು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಮೂಲೆ ಕಂಡಿತು. ಬೀಸುವ ಕಲ್ಲಿನ ಕೆಳಗಿನ ಹೋಳು ಮಾತ್ರ ಇತ್ತು. ಮೇಲಿನದನ್ನು ಒಯ್ದಿದ್ದರು. ಮೂರು ತಿಂಗಳ ಕಾಫಿ ಕುಯ್ಲಿಗೆ ಯಾರೂ ಬೀಸುವ ಕಲ್ಲು ಹೊತ್ತುಕೊಂಡು ಹೋಗುವುದಿಲ್ಲ.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಅವರು ತಿರುಗಿ ಬರುವುದಿಲ್ಲ, ಬರುವುದಿಲ್ಲ ಎಂದು ಅವಳಿಗೆ ಹೇಳಿಯೂ ಇರಲಿಲ್ಲ. ಹಿಂದಿನ ಸಂಜೆ ಸುಂದ್ರಮ್ಮ ಮಜ್ಜಿಗೆ ಕೊಟ್ಟು, ಅಕ್ಕ ಇನ್ನೊಂಚೂರು ಕುಡಿ ಎಂದು ಬಲವಂತ ಮಾಡಿದ್ದಳು. ಹೇಳಲು ಬಾಯಿ ಬರದೆ ಮಜ್ಜಿಗೆ ಹುಯ್ದಿದ್ದಳು. ಹಚ್ಚದೇ ಇದ್ದ ದೀಪವನ್ನು ಆರಿಸಲು ತಾನು ಮಗಳನ್ನು ಬಿಟ್ಟು ಬಂದೆನಲ್ಲ ಎಂದು ಮಲ್ಲಿಗಮ್ಮನಿಗೆ ಕೆಟ್ಟ ಸಿಟ್ಟು ಬಂತು. ಒಂದು ಮಾತು ಹೇಳಿದ್ದರೆ ಅವರ ಗಂಟು ಹೋಗುತ್ತಿತ್ತೇ ಎಂದು ಗೋಡೆಗೆ ಕೇಳುವಂತೆ ಬೈದಳು.

ಬೈದು ಸುಸ್ತಾಗಿ ತನ್ನ ಮನೆಗೆ ಹೋದಳು. ಬಾಗಿಲು ತೆಗೆದರೆ ಅಲ್ಲಿಯೂ ಗೂಡು ಕತ್ತಲು. ಹೆಗಲ ಮೇಲಿನ ಗಂಟಿನಲ್ಲಿ ಹಿತ್ತಾಳೆ ಚೆಂಬು ಬೆನ್ನಿಗೆ ಒತ್ತುತ್ತಿತ್ತು. ಅವಳೂ ಬೆಳಿಗ್ಗೆ ದೀಪ ಹಚ್ಚದೆ, ಯಾರಿಗೂ ಹೇಳದೆ ಹೊರಟವಳೇ. ಆರಿಸುವವರಿಲ್ಲ ಎಂದುಕೊಂಡದ್ದು ನೆವ. ತಿರುಗಿ ಬರುವ ಮನಸ್ಸಿರಲಿಲ್ಲ, ಅಷ್ಟೇ ನಿಜ. ಯುಗಾದಿಗೆ ಬಂದವರು ಅವಳ ಗೂಡಿನಲ್ಲಿ ಕೈಯಾಡಿಸಿದ್ದರೆ ಅವರಿಗೂ ಹೀಗೇ ಅನ್ನಿಸುತ್ತಿತ್ತು. ಸುಂದ್ರಮ್ಮನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು, ಸಂಕಟ ಇಳಿಯಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವ ಮುಂಚೆ ಅವಳು ಚೆಂಬನ್ನು ಗಂಟಿನಿಂದ ತೆಗೆದು ಒಲೆಯ ಪಕ್ಕದಲ್ಲಿಟ್ಟಳು. ಹಣತೆಗೆ ಅಂಚು ಮುಟ್ಟುವಷ್ಟು ಎಣ್ಣೆ ಹುಯ್ದು, ಅದನ್ನು ಗೂಡಿನಲ್ಲಿ ಇಡದೆ ಕೈಯಲ್ಲಿ ಹಿಡಿದು ಹೊರಗೆ ಬಂದಳು. ಬೀದಿಯ ಬಾಯಲ್ಲಿ ಒಂದು ಹಾಸುಬಂಡೆ ಇದೆ, ಹಿಂದೆ ಮನೆ ಇದ್ದ ಜಾಗ, ಬೆಂಕಿ ಬಿದ್ದ ಮೇಲೆ ಯಾರೂ ಕಟ್ಟಲಿಲ್ಲ. ಸುತ್ತ ಹುಲ್ಲಿಲ್ಲ, ಸೂರಿಲ್ಲ. ಬಂಡೆಯ ನಡುವಿನ ಕುಳಿಯಲ್ಲಿ ಹಣತೆ ಇಟ್ಟು ಹಚ್ಚಿದಳು. ಇಲಿ ಎಳೆದರೂ ಎಲ್ಲಿಗೆ ಎಳೆಯುತ್ತದೆ, ಕಲ್ಲಿನ ಮೇಲೆ? ಇಷ್ಟು ವರ್ಷ ಯಾರ ತಲೆಗೂ ಹೊಳೆಯದ್ದು, ಆರಿಸುವವರು ಯಾರೂ ಇಲ್ಲದವಳಿಗೆ ಹೊಳೆಯಿತು.

ಎಸ್ಟೇಟಿನ ಲೈನ್ ಮನೆ ಸೇರಿದಾಗ ಮಧ್ಯಾಹ್ನ. ಹೊರಗೆ ಜಗಲಿಯ ಮೇಲೆ ಮಾದೇವ ಕೂತಿದ್ದ, ತಲೆ ಪೂರ್ತಿ ನರೆತಿತ್ತು. ಎದ್ದು ದಾರಿ ಬಿಟ್ಟ. ಒಳಗೆ ಬೆಳ್ಳುಳ್ಳಿ ಹುರಿದ ವಾಸನೆ, ಅವಳದೇ ಬೆಳ್ಳುಳ್ಳಿ. ಮಗು ಹಿಂದಿನ ಸಂಜೆಯೇ ಹುಟ್ಟಿತ್ತು, ಗಂಡು. ಅದನ್ನು ಮೀಯಿಸಿ, ಹರಿದಿಟ್ಟ ಸೀರೆಯ ತುಂಡಿನಲ್ಲಿ ಸುತ್ತಿ ಮಡಿಲಲ್ಲಿ ಮಲಗಿಸಿಕೊಂಡು ನೀಲಾವತಿ ಕೂತಿದ್ದಳು. ನಿದ್ದೆಗೆಟ್ಟು ಕಣ್ಣು ಕೆಂಪಾದ, ದಪ್ಪನೆಯ, ಸಾಧಾರಣ ಹೆಂಗಸು. ಇಷ್ಟು ವರ್ಷ ಮನಸ್ಸಿನಲ್ಲಿ ಕಂಡಿದ್ದ ಮಾಯಗಾತಿ ಇವಳೇನಾ ಎಂದು ಮಲ್ಲಿಗಮ್ಮನಿಗೆ ಅನ್ನಿಸಿತು.

"ಎತ್ಕಳಿ ಅಕ್ಕ," ಎಂದು ನೀಲಾವತಿ ಮಗುವನ್ನು ಚಾಚಿದಳು.

ಮಲ್ಲಿಗಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ಎಣ್ಣೆಯ ಜಿಡ್ಡು ಹೋಗಲಿಲ್ಲ ಎನ್ನುವ ಹಾಗೆ. ಎತ್ತಿಕೊಂಡಳು. ಮಗು ಕಣ್ಣು ತೆರೆಯಲಿಲ್ಲ. ಚಾಪೆಯ ಮೇಲೆ ಮಲಗಿದ್ದ ಚಾಮುಂಡಿ ಅವ್ವನನ್ನೇ ನೋಡುತ್ತಿದ್ದಳು. ಅವಳೂ ಹುಲ್ಲುಬೀದಿಯಲ್ಲಿ ಬೆಳೆದವಳು, ಜಾಕಿರ್ ಎಲ್ಲವನ್ನೂ ಹೇಳಿದ್ದ.

"ದೀಪ ಉರೀತಿತ್ತಾ?" ಎಂ‌ದಳು.

ಮಲ್ಲಿಗಮ್ಮ ಸುಳ್ಳು ಹೇಳಬಹುದಿತ್ತು. "ಇಲ್ಲ ಕಣವ್ವ. ಹಚ್ಚೇ ಇರ್ನಿಲ್ಲ."

ಚಾಮುಂಡಿ ಗೋಡೆಯ ಕಡೆ ಹೊರಳಿ ಮಲಗಿದಳು.

ಯುಗಾದಿಗೆ ಸ್ವಲ್ಪ ಮುಂಚೆ ಮಲ್ಲಿಗಮ್ಮ ಊರಿಗೆ ಬಂದಳು. ಅಲ್ಲಿದ್ದಷ್ಟು ದಿನ ಮಗುವನ್ನು ಮೀಯಿಸಿದಳು, ಸಾಂಬ್ರಾಣಿ ಹಾಕಿದಳು, ಮಗಳ ಕೈಗೆ ಬಾಣಂತಿ ಖಾರ ಕಲಸಿ ಇಟ್ಟಳು. ಚಾಮುಂಡಿ ಮಾತಾಡುತ್ತಿದ್ದಳು, ನಗುತ್ತಲೂ ಇದ್ದಳು, ಆದರೆ ರಾತ್ರಿ ಮಗು ಅತ್ತರೆ ಅವಳ ಬಾಯಲ್ಲಿ ಮೊದಲು ಬರುತ್ತಿದ್ದ ಹೆಸರು ನೀಲಾವತಿಯದು. ಇಲ್ಲೇ ಇದ್ದುಬಿಡು ಎಂಬ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಮಲ್ಲಿಗಮ್ಮನೂ ಕೇಳಲಿಲ್ಲ.

ತಿರುಗಿ ಬಂದ ಬೀದಿಯವರು ಬಂಡೆಯ ಮೇಲೆ ಮಸಿ ಹಿಡಿದ ಹಣತೆ ನೋಡಿ ಏನೆಂದು ಕೇಳಿದರು. ಹೇಳಿದಳು. ಹೊರಗಿಟ್ಟ ದೀಪ ಮನೆಯ ದೀಪ ಹೇಗಾಗುತ್ತದೆ ಎಂದು ಕೆಲವರು ಮೂಗೆಳೆದರು. ಗುರುಸಿದ್ದಯ್ಯ ಮಾತ್ರ ಬಂಡೆಯನ್ನು ನೋಡಿ, ಹಚ್ಚಿಟ್ಟು ಹೋದವಳು ಬಂದಿದ್ದಾಳಲ್ಲ, ಇನ್ನೇನು ಬೇಕು ಎಂದ. ಪುಟ್ಟಮಾದುವಿನ ಮನೆಯ ಸೂರು ಆ ಮಳೆಗಾಲದಲ್ಲಿ ಒಂದು ಕಡೆ ಕುಸಿಯಿತು.

ಆ ವರ್ಷ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಇನ್ನು ಹುಲ್ಲುಮನೆಗಳಿಗೆಲ್ಲ ಹೆಂಚು ಬರುತ್ತದೆ ಎಂದು ಮಾತು ಹುಟ್ಟಿತು. ಹೆಂಚಿಗಿಂತ ಮೊದಲು ಕಾಫಿ ಹಣ್ಣಾಯಿತು. ಈ ಸಲ ಎಲ್ಲರೂ ಒಂದೇ ದಿನ ಹೊರಟರು. ಮನೆಗೊಂದರಂತೆ ಹಣತೆ ತಂದು ಬಂಡೆಯ ಮೇಲೆ ಸಾಲಾಗಿ ಇಟ್ಟು ಹಚ್ಚಿದರು. ಗುಂಡ್ಲುಪೇಟೆಯಿಂದ ಜಾಕಿರ್ ಎರಡು ಜೀಪು ತಂದಿದ್ದ. ಗುರುಸಿದ್ದಯ್ಯ ಹತ್ತುವ ಮುಂಚೆ ಮಲ್ಲಿಗಮ್ಮನ ಬಾಗಿಲಿಗೆ ಬಂದ. ಅವಳು ಅಭ್ಯಾಸದ ಮೇಲೆ ಚೆಂಡುಹೂವಿನ ಕಡ್ಡಿ ಮುರಿದು ಹಿಡಿದುಕೊಂಡು ಕೂತಿದ್ದಳು.

"ಇನ್ನು ನೀನಿಲ್ಲಿ ಇರ್ಬೇಕಾದ್ದಿಲ್ಲ ಕಣವ್ವ," ಎಂದ ಮುದುಕ, ಒಳ್ಳೆಯ ಮನಸ್ಸಿನಿಂದಲೇ. "ಯಾರೂ ಇರ್ಬೇಕಾದ್ದಿಲ್ಲ. ನಡಿ, ಓಗನ."

ಅವಳು ಆ ಮಾತಿಗಾಗಿ ಎಷ್ಟು ವರ್ಷ ಕಾದಿದ್ದಳೋ. ಈಗ ಅದರೊಳಗೆ, ಇನ್ನು ಬೀದಿಗೆ ತಾನು ಬೇಕಿಲ್ಲ ಎಂಬುದೂ ಕೇಳಿಸಿತು. ಮುಂದಿನ ಜೀಪಿಗೆ ಬರುತ್ತೇನೆ ಎಂದಳು. ಮುಂದಿನ ಜೀಪು ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಜಾಕಿರ್ ಒಂದು ಸಲ ಹಾರನ್ನು ಹೊಡೆದ, ಸ್ವಲ್ಪ ಕಾದ, ಆಮೇಲೆ ಗಾಡಿ ಬಿಟ್ಟ.

ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಅವಳು ಬಂಡೆಯ ಹತ್ತಿರ ಹೋದಳು. ಕೈಯಲ್ಲಿದ್ದ ಕಡ್ಡಿ ತಾನಾಗಿಯೇ ಹತ್ತಿರದ ಬತ್ತಿಯ ಕಡೆ ಹೋಯಿತು, ಅಲ್ಲೇ ನಿಂತಿತು. ಮಾಡುವುದು ಏನೂ ಇರಲಿಲ್ಲ. ಒಂದು ಕಡೆ ಕೂತು ನೋಡಿದಳು. ಗಾಳಿಗೆ ಕೆಲವು ಬೇಗ ಹೋದವು, ಉಳಿದವು ಸಂಜೆಯವರೆಗೆ ಉರಿದವು. ಒಂದೊಂದು ಹೋದಾಗಲೂ ಹೋದವರು ಬರಲಿ ಎಂದಳು. ಬೀದಿಯ ಮನೆಗಳನ್ನು ಮನಸ್ಸಿನಲ್ಲೇ ಸಾಲು ಹಿಡಿದು ಎಣಿಸಿದಾಗ, ತನ್ನದಲ್ಲದೆ ಇನ್ನೊಂದು ಮನೆಗೆ ದೀಪ ಇರಲಿಲ್ಲ.

ಎದ್ದು ತನ್ನ ಗೂಡಿನ ಹಣತೆಯನ್ನೇ ತಂದಳು. ಅಂಚು ಮುಟ್ಟುವಷ್ಟು ಎಣ್ಣೆ ಹುಯ್ದಳು. ಬಂಡೆಯ ಮೇಲೆ, ಪುಟ್ಟಮಾದುವಿನ ಮನೆಯ ಲೆಕ್ಕದ ಜಾಗದಲ್ಲಿಟ್ಟು ಹಚ್ಚಿದಳು. ಬೀದಿಯಲ್ಲಿ ದೀಪ ಹಚ್ಚಲು ಆ ಕೈಯನ್ನು ಯಾರೂ ಕರೆದಿರಲಿಲ್ಲ, ಬೇಡವೆನ್ನಲು ಈಗ ಯಾರೂ ಇರಲಿಲ್ಲ. ಕಡ್ಡಿಯನ್ನು ಬೇಲಿಗೆ ಎಸೆದು, ಎಣ್ಣೆ ಇರುವಷ್ಟು ಹೊತ್ತು ಉರಿಯಲಿ ಎಂದು ಬಿಟ್ಟು, ಕತ್ತಲೆಯಲ್ಲಿ ಮನೆಯ ಕಡೆ ನಡೆದಳು.